ಬಿಪಿ ನನ್ನದು, ಸಕ್ಕರೆ ಅವರದು

ನಮ್ಮ ದರ್ಜಿಗಳ ಸಂಘದ ಅಧ್ಯಕ್ಷರೇ, ಅಂದರೆ ನಾವೆಲ್ಲ ಗುಂಡಿ ಅಂಗಡಿಯವರು ಎಂದು ಕರೆಯುವ ಹಿರಿಯರೇ. ಕಾಯುವ ರೋಗಿಗಳನ್ನು ಬಿಟ್ಟು ನಮಗಾಗಿ ಬಂದಿರುವ ಮುಖ್ಯ ಅತಿಥಿ ಡಾಕ್ಟರಮ್ಮನವರೇ. ಓಡಾಡಿ ಬೆವರಿರುವ ಕಾರ್ಯದರ್ಶಿಗಳೇ. ಕತ್ತರಿ, ಸೂಜಿ, ಇಸ್ತ್ರಿಪೆಟ್ಟಿಗೆ ಹಿಡಿದು ಬದುಕುವ ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ. ಊಟಕ್ಕೆ ಎಲ್ಲಿ ತಡವಾಗುತ್ತದೋ ಎಂದು ಈಗಾಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನಮ್ಮ ಯಜಮಾನರ ಭಾವಚಿತ್ರವನ್ನು ಈ ಸಭಾಂಗಣದ ಗೋಡೆಗೆ ಹಾಕಿದ್ದೀರಿ. ಅದರ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ ಕುಳಿತುಕೊಳ್ಳಬೇಕು ಎಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ಹೈಸ್ಕೂಲು ಮುಗಿಸಿದವಳು, ಅದೂ ಆ ಕಾಲದ ಹೈಸ್ಕೂಲು. ಎರಡು ಮಾತು ಎಷ್ಟೆಂದು ನನಗೆ ಗೊತ್ತು. ಆದರೆ ಮದುವೆಯಾಗಿ ಬಂದ ದಿನದಿಂದ ನನ್ನನ್ನು ಎರಡು ಮಾತಿಗೆ ಕೂರಿಸಿದವರು ಯಾರೂ ಇಲ್ಲ. ಕಾರ್ಯದರ್ಶಿಗಳು ಆ ಕೆಲಸಕ್ಕೆ ಹೋಗುವುದಿಲ್ಲ ಎಂದು ನಂಬಿದ್ದೇನೆ.

ಮೊದಲು ಭಾವಚಿತ್ರದ ವಿಷಯ. ಚೆನ್ನಾಗಿದೆ. ಕಾಲರ್ ಮಾತ್ರ ಸ್ವಲ್ಪ ಎಡಕ್ಕೆ ವಾಲಿದೆ. ಅವರು ಇದ್ದಿದ್ದರೆ ಫೋಟೋದವನಿಗೆ "ಇರ್ಲಿ ಬಿಡಪ್ಪ, ಮುಖ ಸರಿಯಾಗಿ ಬಂದಿದೆಯಲ್ಲ" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ನಾನಾಗಿದ್ದರೆ ಇನ್ನೊಂದು ತೆಗೆಸುತ್ತಿದ್ದೆ. ನಮ್ಮಿಬ್ಬರ ಸ್ವಭಾವ ತಿಳಿಯಲು ನಿಮಗೆ ಇದಕ್ಕಿಂತ ಹೆಚ್ಚು ಬೇಡ.

ಅವರು ಬಟ್ಟೆ ಕತ್ತರಿಸುವುದನ್ನು ನೋಡಿದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಬಲಭುಜ ಎಡಕ್ಕಿಂತ ಕೆಳಗಿದೆ ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಗಿರಾಕಿಗೆ ಅದನ್ನು ಹೇಳುತ್ತಿರಲಿಲ್ಲ. ಕೋಟಿನ ಬಲಭುಜದ ಒಳಗೆ ಒಂದು ಪದರ ಹೆಚ್ಚಿಗೆ ಇಡುತ್ತಿದ್ದರು, ಅಷ್ಟೇ. ಆ ಮನುಷ್ಯ ಕೋಟು ತೊಟ್ಟು, ಕನ್ನಡಿ ನೋಡಿ, ತಾನು ಹುಟ್ಟಿದಾಗಿನಿಂದಲೂ ನೆಟ್ಟಗಿದ್ದೇನೆ ಎಂದುಕೊಂಡು ಹೋಗುತ್ತಿದ್ದ. ಊರಿನವರ ಮೈಯನ್ನೆಲ್ಲ ಹೀಗೆ ನೋಡಿದ ಮನುಷ್ಯನ ಮೈಯನ್ನು ಯಾರು ನೋಡಿದರು? ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲವೇ?

ಆ ಮಾತಿಗೆ ಬರುವ ಮುಂಚೆ ನಮ್ಮ ಅಂಗಡಿಯ ಕಾನೂನು ಹೇಳಬೇಕು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಗೆರೆ ಎಳೆದು ಕತ್ತರಿಸುವುದು ಅವರು. ಹೊಲಿಯುವವರು ಹೊಲಿಯಬೇಕು. ಕಾಜ ಮಾಡಿ ಗುಂಡಿ ಹಾಕುವುದು ನಾವು ಕಾಜದಜ್ಜ ಎಂದು ಕರೆಯುತ್ತಿದ್ದ ಹಿರಿಯರು. ಗಿರಾಕಿಗಳ ಜೊತೆ ಮಾತು, ಬಟ್ಟೆ ವ್ಯಾಪಾರಿಗಳ ಜೊತೆ ಜಗಳ, ಇದು ನನ್ನ ಪಾಲು. ನಾಲ್ಕು ಕೈ ಆಡಿದ ಕೋಟಿನಲ್ಲಿ ತಪ್ಪು ಬಂದರೆ ಯಾರನ್ನು ಕೇಳುವುದು? ಆದ್ದರಿಂದ ಈ ಕಾನೂನು. ಒಮ್ಮೆ ಕಾಜದಜ್ಜನಿಗೆ ಜ್ವರ ಬಂದು, ಒಬ್ಬ ವಕೀಲರ ಕೋಟು ಒಂದೇ ಒಂದು ಗುಂಡಿಗಾಗಿ ನಿಂತಿತು. ಯಜಮಾನರು ಸೂಜಿಗೆ ಕೈ ಚಾಚಿದರು. ನಾನು ಬಿಡಲಿಲ್ಲ.

"ಲೇ, ಒಂದು ಗುಂಡಿ ಹಾಕೋಕೂ ನಿನ್ನ ಅಪ್ಪಣೆ ಬೇಕೇನೆ?" ಎಂದರು.

"ಇವತ್ತು ಗುಂಡಿ ಅಂತೀರ, ನಾಳೆ ತೋಳೂ ನೀವೇ ಹೊಲೀತೀರ. ಸುಮ್ನೆ ಇಡಿ" ಎಂದೆ.

ಇಟ್ಟರು. ವಕೀಲರು ಅವತ್ತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ವಾದ ಮಾಡಿದರಂತೆ. ಗೆದ್ದರಂತೆ ಕೂಡ. ನಗಿ, ನಗುವ ಮಾತೇ ಅದು.

ಹೀಗಿರುವ ಮನೆಗೆ ಕಾಯಿಲೆ ಬಂದರೆ ಏನಾಗುತ್ತದೆ? ಅದೂ ಪಾಲಾಗುತ್ತದೆ.

ಮೊದಲು ಬಂದದ್ದು ಅವರಿಗೆ. ಕತ್ತರಿಸುವ ಮೇಜಿನ ಕೆಳಗೆ ನೀರಿನ ಚೊಂಬು ಇಟ್ಟುಕೊಂಡು ಗಳಿಗೆಗೊಮ್ಮೆ ಕುಡಿಯುತ್ತಿದ್ದರು, ಗಳಿಗೆಗೊಮ್ಮೆ ಹಿತ್ತಲಿಗೆ ಹೋಗುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದರು. ಅವರ ತಾಯಿಗೂ ಇತ್ತು. ಮಾರನೆಯ ವರ್ಷ ನನ್ನ ಸರದಿ. ಬಣ್ಣ ಬಿಡುವ ಬಟ್ಟೆ ಕೊಟ್ಟ ವ್ಯಾಪಾರಿಯನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಬೈಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಟ್ಟೆಯ ಸುರುಳಿಗಳ ಮೇಲೆ ಕುಸಿದೆ. ನನಗೆ ಬಿಪಿ ಎಂದರು. ನಮ್ಮ ಬೀದಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವಳಿಗಲ್ಲದೆ ಇನ್ಯಾರಿಗೆ ಬರಬೇಕು ಎಂದು ಎದುರು ಮನೆಯಾಕೆ ಅಂದಳಂತೆ. ಕೋಪಿಷ್ಠರಿಗೆ ಬಿಪಿ, ಸಿಹಿ ತಿನ್ನುವವರಿಗೆ ಸಕ್ಕರೆ, ಅಲ್ಲವೇ? ನಾವೆಲ್ಲ ನಂಬಿರುವುದು ಅದನ್ನೇ. ನಮ್ಮ ಯಜಮಾನರು ಜೀವನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಅವರಿಗೆಲ್ಲಿಯ ಬಿಪಿ?

ಅವರಿಗೆ ಇದೊಂದು ತಮಾಷೆಯಾಗಿ ಹೋಯಿತು. ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮನೇಲಿ ಎಲ್ಲಾ ಪಾಲಾಗಿದೆ ಕಣ್ರೀ. ಕತ್ತರಿ ನಂದು, ನಾಲಿಗೆ ಅವಳದು. ಸಕ್ಕರೆ ನಂದು, ಬಿಪಿ ಅವಳದು."

ಮಾತ್ರೆಗಳಿಗೆ ಎರಡು ಡಬ್ಬಿ ಮಾಡಿದೆವು. ಎರಡು ಡಬ್ಬಿ, ಇಬ್ಬರು ಡಾಕ್ಟರು. ಅವರು ತಮ್ಮ ಡಾಕ್ಟರಲ್ಲಿಗೆ ಹೋಗುವುದನ್ನೂ ಬರಬರುತ್ತ ಬಿಟ್ಟರು. ರಕ್ತ ಕೊಟ್ಟು ಬರುತ್ತಿದ್ದರು, ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದರು, ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಿದ್ದರು. ನನ್ನ ಡಾಕ್ಟರಲ್ಲಿಗೆ ಮಾತ್ರ ಪ್ರತಿ ಸಲವೂ ನನ್ನ ಜೊತೆ ಬರುತ್ತಿದ್ದರು. ಅದೊಂದು ಪುಟ್ಟ ಕೋಣೆ. ಗೋಡೆಗೆ ಹಸಿರು ಬಣ್ಣ, ಕಿಟಕಿಯ ಪರದೆಯ ಅಂಚು ಹೊಲಿಗೆ ಬಿಟ್ಟಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ನಾನು ತೋಳು ಚಾಚಿ ಕೂರುತ್ತಿದ್ದೆ. ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಪಕ್ಕದಲ್ಲಿ ಕೂರುತ್ತಿದ್ದರು. ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತುತ್ತಿದ್ದಳು, ಗಾಳಿ ತುಂಬುತ್ತಿದ್ದಳು. ಒಂದು ಸಲ ಆ ಹುಡುಗಿ, "ಅಂಕಲ್, ನಿಮ್ದೂ ನೋಡಿಬಿಡ್ಲಾ?" ಎಂದಳು.

"ಅಯ್ಯೋ, ಅದು ನಮ್ಮನೆಯವಳ ಖಾತೆ ಕಣಮ್ಮ. ಅದಕ್ಕೆ ನಾನು ಕೈ ಹಾಕಿದ್ರೆ ಮನೇಲಿ ಊಟ ಸಿಗಲ್ಲ" ಎಂದರು.

ಅವಳು ನಕ್ಕಳು. ಡಾಕ್ಟರೂ ನಕ್ಕರು. ನಾನೂ ನಕ್ಕೆ. ನನಗೆ ನಗು ಬರುವುದೇ ಅಪರೂಪ ಎಂದು ನಿಮಗೆಲ್ಲ ಗೊತ್ತು. ಅವತ್ತು ನಕ್ಕೆ.

ಒಂದೇ ತೋಳಿನ ದೂರ, ಸಭಿಕರೇ. ಆ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚಿ ಅವರ ತೋಳಿಗೆ ಸುತ್ತಲು ಎಷ್ಟು ಹೊತ್ತು ಬೇಕಿತ್ತು?

ಒಂದು ದಿನ ಬೆಳಿಗ್ಗೆ, ಅಂಗಡಿ ತೆರೆದು ಇನ್ನೂ ಇಸ್ತ್ರಿ ಕಾದಿರಲಿಲ್ಲ, ಅವರು ಬೂದು ಬಣ್ಣದ ಕೋಟಿನ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ನೆಟ್ಟಗೆ ಬಂದು, ಕಂಕುಳಿನ ಹತ್ತಿರ ಹೊರಗೆ ಹೋಗಿ, ಮೇಜಿನ ಮರದ ಮೇಲೂ ಹೋಯಿತು. ಅದನ್ನು ನಾನೊಬ್ಬಳೇ ಅಲ್ಲ, ನಮ್ಮ ಮಗಳೂ ನೋಡಿದಳು. ಆಗ ಅವಳು ಅಪ್ಪನ ಪಕ್ಕ ನಿಂತು ಕೆಲಸ ಕಲಿಯುತ್ತಿದ್ದಳು.

"ಅಪ್ಪ, ಗೆರೆ" ಎಂದಳು.

"ಬಟ್ಟೆ ಜಾರ್ತಿದೆ ಮಗಾ, ಹಿಡ್ಕೋ" ಎಂದರು.

ಬಟ್ಟೆ ಜಾರುತ್ತಿರಲಿಲ್ಲ. ಜಾರಿದ್ದು ಅವರ ಕೈ. ಬಾಯಿಯ ಒಂದು ಮೂಲೆ ಕೆಳಗಿಳಿಯಿತು. ಸೀಮೆಸುಣ್ಣ ನೆಲಕ್ಕೆ ಬಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಓಡಿಬಂದು ಅವರ ತೋಳಿಗೆ ಪಟ್ಟಿ ಸುತ್ತಿದರು. ನೋಡಿದರು. ಇನ್ನೊಮ್ಮೆ ಸುತ್ತಿ ನೋಡಿದರು. "ಇವ್ರಿಗೆ ಬಿಪಿ ಎಷ್ಟು ದಿನದಿಂದ ಇದೆ?" ಎಂದು ನನ್ನನ್ನು ಕೇಳಿದರು.

"ಇವರಿಗಿಲ್ಲ. ಬಿಪಿ ನನ್ನದು" ಎಂದೆ.

"ನಿಮ್ದಲ್ಲ ಅಮ್ಮ, ಇವ್ರದ್ದು ಕೇಳ್ತಿದೀನಿ."

"ಇವರದ್ದು ಸಕ್ಕರೆ" ಎಂದೆ.

ಆ ಡಾಕ್ಟರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದರು. ಮೂರ್ಖರನ್ನು ಕಂಡಾಗ ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಹಾಗೆ ನೋಡಲಿಲ್ಲ. ಕನಿಕರದಿಂದ ನೋಡಿದರು.

ಬಿಪಿ ಏರಿ ಲಕ್ವ ಹೊಡೆದಿತ್ತು. ಅವರು ಮನೆಗೆ ಬಂದರು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಅಂಗಡಿಯಲ್ಲಿ ಮೇಜಿನ ಪಕ್ಕ ಒರಗು ಕುರ್ಚಿ ಹಾಕಿಸಿದೆ. ಕೂತು ನೋಡುತ್ತಿದ್ದರು. ಮಗಳು ಕತ್ತರಿ ಹಿಡಿದಳು. ಅವಳ ಗೆರೆ ತಪ್ಪಿದರೆ ಎಡಗೈಯಿಂದ ಮೇಜು ತಟ್ಟುತ್ತಿದ್ದರು, ಸರಿಯಿದ್ದರೆ ಸುಮ್ಮನಿರುತ್ತಿದ್ದರು. ಬರಬರುತ್ತ ತಟ್ಟುವುದು ಕಡಿಮೆಯಾಯಿತು. ಕೊನೆಗೊಂದು ದಿನ ಅವಳು ಬೇಕೆಂದೇ ತಪ್ಪು ಗೆರೆ ಎಳೆದಳು. ತಟ್ಟಲಿ ಎಂದು. ನಾನು ಗಲ್ಲಾದ ಹಿಂದಿನಿಂದ ನೋಡುತ್ತಿದ್ದೆ. ತಟ್ಟಲಿಲ್ಲ. ಅದೇ ವಾರ ಇನ್ನೊಂದು ಸಲ ಲಕ್ವ ಹೊಡೆಯಿತು, ಹೋದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಗುಂಡಿ ಅಂಗಡಿಯವರೇ, ನೀವು ಕೊಟ್ಟ ಗುಂಡಿಗಳು ಎರಡನೇ ಒಗೆತಕ್ಕೆ ಒಡೆದಾಗ ನಾನು ಎಷ್ಟೊಂದು ತಾಳ್ಮೆಯಿಂದ ಇದ್ದೆ, ನೆನಪಿಸಿಕೊಳ್ಳಿ.

ಇನ್ನು ಕಾಯಿಲೆಯ ವಿಷಯ. ನಾನು ಡಾಕ್ಟರಲ್ಲ, ಮುಖ್ಯ ಅತಿಥಿಗಳು ನನಗೆ ಹೇಳಿದ್ದನ್ನೇ ಹೇಳುತ್ತೇನೆ. ತಪ್ಪಿದ್ದರೆ ಅವರು ತಿದ್ದಲಿ. ಸಕ್ಕರೆ ಒಬ್ಬರದು, ಬಿಪಿ ಇನ್ನೊಬ್ಬರದು ಎಂದು ಪಾಲು ಮಾಡಲು ಬರುವುದಿಲ್ಲ. "ಸಕ್ಕರೆ ಇರೋ ಇಬ್ರು ನನ್ನ ಮುಂದೆ ಕೂತರೆ, ಒಬ್ಬರಿಗಾದ್ರೂ ಬಿಪಿ ಇರತ್ತೆ ಅಂದ್ಕೊಂಡೇ ನೋಡ್ತೀನಿ ಅಮ್ಮ" ಎಂದು ಇವರು ಹೇಳಿದರು. ಎರಡೂ ಕೆಡಿಸುವುದು ಅದೇ ರಕ್ತನಾಳಗಳನ್ನು, ಅದೇ ಮೂತ್ರಪಿಂಡವನ್ನು, ಅದೇ ಕಣ್ಣನ್ನು. ಒಂದು ಮಾಡಿದ ಗಾಯದ ಮೇಲೆ ಇನ್ನೊಂದು ಬಂದು ಕೂರುತ್ತದೆ. ಶಾಂತ ಸ್ವಭಾವ ಎಂದು ಬಿಪಿ ಯಾರನ್ನೂ ಬಿಡುವುದಿಲ್ಲ. ತಲೆನೋವು ಬರಲೇಬೇಕೆಂದಿಲ್ಲ, ತಲೆಸುತ್ತು ಬರಲೇಬೇಕೆಂದಿಲ್ಲ. ನನಗೆ ಹೇಳಿ ಬಂತು. ಅವರಿಗೆ ಹೇಳದೆ ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಗಳಿಗೆ ಸಮಾಧಾನವಾಗುತ್ತಿತ್ತು. "ಅಮ್ಮ, ವೇದಿಕೆ ಮೇಲೆ ಮನೆ ವಿಷ್ಯ ತೆಗೀಬೇಡ" ಎಂದು ಬೆಳಿಗ್ಗೆ ಮಗಳು ಹೇಳಿಯೇ ಕರೆದುಕೊಂಡು ಬಂದಿದ್ದಾಳೆ. ಅವಳು ಹಿಂದೆ ಎಲ್ಲೋ ಕೂತಿದ್ದಾಳೆ. ಮುಂದಿನ ಸಾಲು ಅವಳಿಗೆ ಆಗುವುದಿಲ್ಲ, ಅವಳ ಅಪ್ಪನಿಗೂ ಆಗುತ್ತಿರಲಿಲ್ಲ.

ಅವಳಿಗೆ ಕಳೆದ ವರ್ಷ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾಳೆ, ನಡೆಯುತ್ತಾಳೆ, ಬಾಯಿ ಕಟ್ಟುತ್ತಾಳೆ. ಬಿಪಿ ನೋಡಿಸಿಕೋ ಎಂದರೆ ಮಾತ್ರ ಕೆಲಸ ನೆನಪಾಗುತ್ತದೆ. "ನಾನು ಅಪ್ಪನ ಮಗಳಮ್ಮ, ನಂಗೆ ಕೋಪಾನೇ ಬರಲ್ಲ. ಬಿಪಿ ನಿಂದು" ಎನ್ನುತ್ತಾಳೆ. ಅಪ್ಪನ ಮಾತನ್ನು ಅಪ್ಪನ ದನಿಯಲ್ಲೇ ನನಗೆ ಹೇಳುತ್ತಾಳೆ. ಒಂದು ಗೆರೆ ಎಳೆದ ಮೇಲೆ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಾಳೆ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಆ ಅಂಗಡಿಯಲ್ಲಿ ನಾನು ನೋಡದೆ ಒಂದು ದಾರ ಕೂಡ ತುಂಡಾಗುವುದಿಲ್ಲ.

ಮೊನ್ನೆ ನಾನು ಗದರಿದೆ. "ಅಷ್ಟೊಂದು ಏನೇ ಭಯ? ಒಂದು ಪಟ್ಟಿ ಕಟ್ಟಿದ್ರೆ ಕೈ ಉದುರಿಹೋಗತ್ತಾ?" ಎಂದೆ.

ಯಾವತ್ತೂ ತಿರುಗಿ ಮಾತಾಡದವಳು ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. ಕುಕ್ಕಲಿಲ್ಲ, ಇಟ್ಟಳು. "ಹೌದು, ಭಯಾನೇ. ಒಂದು ಇದ್ರೆ ಹೇಗೋ ಬದುಕ್ತೀನಿ. ಎರಡೂ ಇದೆ ಅಂತ ಬಂದ್ರೆ? ಎರಡೂ ಇದ್ದೋರು ಏನಾದ್ರು ಅಂತ ನಾನು ಇದೇ ಮೇಜಿನ ಹತ್ರ ನಿಂತು ನೋಡಿದೀನಿ. ಆಮೇಲೆ ಪ್ರತಿ ಗೆರೆ ಎಳೆಯುವಾಗ್ಲೂ ಕೈ ಜಾರ್ತಿದ್ಯಾ, ಇವತ್ತಾ, ನಾಳೆನಾ ಅಂತ ಕಾಯ್ತಾ ಕೂರ್ಲಾ? ಗೊತ್ತಿಲ್ದೇ ಇದ್ರೆ ನಿಂಗೇನಮ್ಮ ನಷ್ಟ?" ಎಂದಳು.

ನನಗೇನು ನಷ್ಟ! ಅದಕ್ಕೆ ನಾನು ಮನೆಯಲ್ಲಿ ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದರೆ, ಉತ್ತರ ನನ್ನ ಮೈಯಲ್ಲೇ ಇತ್ತು, ನಾನು ಅದನ್ನು ಅವಳಿಂದ ಮುಚ್ಚಿಟ್ಟಿದ್ದೆ.

ಸಭಿಕರೇ, ಅವರು ಹೋದ ಮಾರನೆಯ ವರ್ಷ ನನ್ನ ಬೆರಳಿಗೆ ಸೂಜಿ ಚುಚ್ಚಿತು. ನಮಗೆ ಸೂಜಿ ಚುಚ್ಚುವುದೇನು ಹೊಸದೇ? ಆದರೆ ಗಾಯ ಮಾಯಲಿಲ್ಲ, ಕೀವಾಯಿತು. ಈ ಡಾಕ್ಟರಮ್ಮನವರ ಹತ್ತಿರ ಒಬ್ಬಳೇ ಹೋದೆ. ಇವರು ಬೆರಳನ್ನೂ ನೋಡಿದರು, ತೋಳಿಗೆ ಪಟ್ಟಿಯನ್ನೂ ಕಟ್ಟಿದರು, ರಕ್ತವನ್ನೂ ತೆಗೆದರು. ನನಗೂ ಸಕ್ಕರೆ ಇತ್ತು. ಗಂಡನ ಪಾಲೂ ಹೆಂಡತಿಗೇ ಬಂತು ಎಂದೆ. ಇವರು ನಗಲಿಲ್ಲ, ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಂಡು ಎದ್ದು ಬಂದೆ. ಯಾರ ಮುಂದೆಯೂ ಅತ್ತು ನನಗೆ ಅಭ್ಯಾಸವಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗಿ ಪ್ರತಿ ಬೆಳಿಗ್ಗೆ ಎದ್ದು ಅಮ್ಮ ಉಸಿರಾಡುತ್ತಿದ್ದಾಳೆಯೇ ಎಂದು ನೋಡುವುದು ಬೇಡ ಎಂದುಕೊಂಡೆ. ಸಕ್ಕರೆಯ ಮಾತ್ರೆಯನ್ನೂ ಬಿಪಿ ಡಬ್ಬಿಯಲ್ಲೇ ಹಾಕಿದೆ. ಸಿಹಿ ಬಿಟ್ಟೆ, ಕೇಳಿದರೆ ಹಲ್ಲುನೋವು ಎಂದೆ. ಸಂಜೆ ನಡೆಯಲು ಹೋಗುವುದಕ್ಕೆ ಮಂಡಿನೋವಿನ ನೆಪ ಹೇಳಿದೆ. ಅವಳು ನಂಬಿದಳು. ಅಮ್ಮ ಹಠಮಾರಿ, ಅಮ್ಮ ಗಟ್ಟಿ, ಅಮ್ಮನಿಗೆ ಏನೂ ಆಗುವುದಿಲ್ಲ. ಅದನ್ನು ನಂಬಿಸುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಆದರೆ ನೋಡಿ ಏನಾಯಿತು. ಎರಡೂ ಇದ್ದವರನ್ನು ಅವಳು ತನ್ನ ಜೀವನದಲ್ಲಿ ಒಬ್ಬರನ್ನೇ ಕಂಡಿದ್ದಾಳೆ. ಅವರು ಸತ್ತರು. ಎರಡೂ ಇಟ್ಟುಕೊಂಡು ಬೆಳಿಗ್ಗೆ ಅಂಗಡಿ ತೆರೆಯುವವಳು, ವ್ಯಾಪಾರಿಗಳ ಜೊತೆ ಜಗಳ ಆಡುವವಳು, ಅವಳಿಗೆ ದಿನಾ ಊಟ ಬಡಿಸುವವಳು ಇನ್ನೊಬ್ಬಳು ಕಣ್ಣೆದುರಿಗೇ ಇದ್ದಾಳೆ ಎಂದು ಅವಳಿಗೆ ಯಾರು ಹೇಳಬೇಕು?

ಮಗಳೇ, ಹೇಳುತ್ತಿದ್ದೇನೆ. ನನಗೆ ಎರಡೂ ಇದೆ. ಎಂಟು ವರ್ಷದಿಂದ ಇದೆ. ಗೊತ್ತಿದೆ, ಮಾತ್ರೆ ನುಂಗುತ್ತೇನೆ, ನೋಡಿಸಿಕೊಳ್ಳುತ್ತೇನೆ, ಇದ್ದೇನೆ. ನಿನ್ನ ಅಪ್ಪನಿಗೂ ನನಗೂ ಇರುವ ವ್ಯತ್ಯಾಸ ಸ್ವಭಾವದ್ದಲ್ಲ, ಪುಣ್ಯದ್ದಲ್ಲ. ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಅಷ್ಟೇ ಕಣೇ.

ಇದನ್ನು ಮನೆಯಲ್ಲೇ ಹೇಳಬಹುದಿತ್ತು, ಇಷ್ಟು ಜನರ ಮುಂದೆ ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲಿ ನಾನು ಹೇಳಿದ್ದೆಲ್ಲ ಗದರಿಕೆಯಾಗುತ್ತದೆ. ಮೆತ್ತಗೆ ಹೇಳಲು ಬಾಯಿ ತೆರೆದರೂ ಗದರಿಕೆಯೇ ಹೊರಗೆ ಬರುತ್ತದೆ. ಇಲ್ಲಿ ಮೈಕಿನ ಮುಂದೆ ಕೈಕಟ್ಟಿ ನಿಲ್ಲಿಸಿದ್ದೀರಿ, ಗದರಲು ಬರುವುದಿಲ್ಲ. ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ನನ್ನ ಜನ್ಮದಲ್ಲಿ ನಾನು ಯಾರನ್ನೂ ಕೇಳಿಕೊಂಡವಳಲ್ಲ. ವೇದಿಕೆಯ ಪಕ್ಕದ ಕೋಣೆಯಲ್ಲಿ ನಮ್ಮ ಸದಸ್ಯರಿಗಾಗಿ ನರ್ಸಮ್ಮ ಬಿಪಿ ನೋಡುವ ಸಲಕರಣೆ ಇಟ್ಟುಕೊಂಡು ಕೂತಿದ್ದಾರೆ. ಹೋಗು ಮಗಳೇ. ಇಲ್ಲ ಎಂದು ಬಂದರೆ ಸಂತೋಷ. ಇದೆ ಎಂದು ಬಂದರೆ ಹೇಗೆ ಇರಬೇಕೆಂದು ನಾನು ಹೇಳಿಕೊಡುತ್ತೇನೆ. ಕತ್ತರಿ ಅಪ್ಪನಿಂದ ಕಲಿತೆ, ಇದನ್ನು ನನ್ನಿಂದ ಕಲಿ.

ಹಿಂದೆ ಎಲ್ಲೋ ಕುರ್ಚಿ ಸರಿದ ಸದ್ದು ಕೇಳಿಸಿತು. ಮೂರನೆಯ ಸಾಲಿನಿಂದ ಆಚೆ ನನಗೆ ಈಗ ಮುಖಗಳು ಕಾಣುವುದಿಲ್ಲ. ದೀಪಗಳನ್ನು ಕಣ್ಣಿಗೇ ತಿರುಗಿಸಿಟ್ಟಿದ್ದಾರೆ. ಎದ್ದವರು ಯಾರು ಎಂದು ನನಗೆ ಯಾರೂ ಹೇಳಬೇಡಿ. ಯಾರೂ ತಿರುಗಿ ನೋಡಬೇಡಿ, ಚಪ್ಪಾಳೆ ತಟ್ಟಬೇಡಿ. ಅವಳೇ ಆಗಿದ್ದರೆ, ಕಾಲು ಮಡಚಿಕೊಂಡು ದಾರಿ ಬಿಡಿ. ಅವಳಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಅವರಿಗೂ ಹಾಗೆಯೇ ದಾರಿ ಬಿಡಿ.

ನಮ್ಮ ಯಜಮಾನರನ್ನು ನೆನೆದ ಸಂಘಕ್ಕೂ, ನನ್ನ ಗುಟ್ಟನ್ನು ಇಷ್ಟು ವರ್ಷ ಕಾಪಾಡಿದ ಡಾಕ್ಟರಮ್ಮನವರಿಗೂ, ಹಸಿವು ತಡೆದು ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.